ಅಳಿಸಿದ ಗುಟ್ಟು, ಅಳಿಯದ ಹಾಳೆ

ಹೆಂಡತಿಗೂ ಹೇಳದ ಗುಟ್ಟನ್ನು ನಾನು ಮೊಬೈಲಿಗೆ ಹೇಳಿದ್ದೆ. ಹೀಗೆ ನಾವು ಮೊಬೈಲಿನಲ್ಲಿ ಹುಡುಕಿದ್ದನ್ನೆಲ್ಲ ಕಂಪನಿಯವರು ತಿಂಗಳುಗಟ್ಟಲೆ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆಂದು ಪೇಪರಿನಲ್ಲಿ ಓದಿದಾಗ ಕುಡಿಯುತ್ತಿದ್ದ ಕಾಫಿ ನೆತ್ತಿಗೆ ಹತ್ತಿತು. ನನ್ನ ಗುಟ್ಟು ಕಾಯಲು ಇವರೇನು ನನಗೆ ನೆಂಟರೇ, ಬೀಗರೇ?

ಗುಟ್ಟೇನೆಂದು ನಿಮಗೆ ಮಾತ್ರ ಹೇಳುತ್ತೇನೆ. ನಾವು ಹೊಂಗನೂರಿನವರು, ಮನೆ ತುಂಬ ರೇಷ್ಮೆ ಹುಳ. ಹುಳಕ್ಕೆ ಹೊತ್ತುಹೊತ್ತಿಗೆ ಸೊಪ್ಪು ಬೇಕು, ತೋಟದಿಂದ ಸೊಪ್ಪಿನ ಹೊರೆ ತರಲು ಗಂಡ ಬೇಕು. ಮೂರು ಬೆಳೆಯ ಹಿಂದೆ ಆ ಗಂಡನಿಗೆ ಸೊಂಟ ಹಿಡಿಯಿತು. (ಹಿಡಿಯಲಿಲ್ಲ, ಹಿಡಿಸಿಕೊಂಡೆ.) ಅಂದಿನಿಂದ ಹೊರೆ ಹೊರುವವಳು ಹೆಂಡತಿ ಶಿವಲಿಂಗಮ್ಮ, ಜಗಲಿಯಲ್ಲಿ ಕೂತು ಮುಲುಗುವವನು ನಾನು. ಈ ವಿದ್ಯೆ ಕಲಿಸಿದ ಗುರು ಮೊಬೈಲು.

ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋಗಿ ಜೆರಾಕ್ಸ್ ಅಂಗಡಿಯ ಲೋಕೇಶನ ಮುಂದೆ ಕೂಗಾಡಿದೆ. ಮೊದಲು ಏನೇನಿದೆಯೋ ತರಿಸಿಕೊಂಡು ನೋಡಿ, ಆಮೇಲೆ ಅಳಿಸಲು ಹೇಳಿ ಎಂದು ಅವನೇ ಅರ್ಜಿ ಹಾಕಿಕೊಟ್ಟ. ಬಂತು, ನಲವತ್ತು ಪುಟ! ಮೊಬೈಲಿನಲ್ಲಿ ಅಕ್ಷರ ಕಾಣದೆ ಪ್ರಿಂಟ್ ತೆಗೆಸಿ, ಅಪಾಯದ ಸಾಲುಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಅಳಿಸಲು ಇನ್ನೊಂದು ಅರ್ಜಿ ಹಾಕಿಸಿದೆ. ಎಲ್ಲವನ್ನೂ ಅಳಿಸಿದ್ದೇವೆ ಎಂದು ಕಂಪನಿಯ ಮೆಸೇಜು ಬಂದ ದಿನ ಅಂಗಡಿಯಲ್ಲಿಟ್ಟಿದ್ದ ಪ್ರಿಂಟುಗಳನ್ನು ತೆಗೆದುಕೊಂಡು ಬೀಗುತ್ತಾ ಊರಿಗೆ ಬಂದೆ. ಬಸ್ಸಿಳಿದ ಮೇಲೆ ನೆನಪಾಗಿ ಕುಂಟತೊಡಗಿದೆ.

ಪ್ರಿಂಟುಗಳನ್ನು ಹರಿದು ಹಾಕೋಣವೆಂದರೆ ಶಿವಲಿಂಗಮ್ಮ ಅಂಗಳದಲ್ಲೇ ನಿಂತಿದ್ದಳು. ಅವಳ ಕಣ್ಣು ತಪ್ಪಿಸಿ ಅಟ್ಟದ ಮೇಲಿನ ಹಳೇ ಪೇಪರಿನ ಕಟ್ಟಿನೊಳಗೆ ತುರುಕಿದೆ. ಹಳೇ ಪೇಪರನ್ನು ಯಾರು ಮುಟ್ಟುತ್ತಾರೆ? (ಮರಿಹುಳದ ತಟ್ಟೆಗೆ ಹಳೇ ಪೇಪರು ಹಾಸುತ್ತಾರೆ. ಮೂರು ಬೆಳೆಯಿಂದ ಹುಳದ ಮನೆಗೆ ಕಾಲಿಡದವನಿಗೆ ಅದು ಮರೆತೇಹೋಗಿತ್ತು.)

ಎರಡು ದಿನದ ಮೇಲೆ ಅವಳು ಹುಳದ ಮನೆಯಿಂದ ಕೂಗಿದಳು. ಹುಳಗಳು ತಟ್ಟೆಯಲ್ಲಿದ್ದ ಸೊಪ್ಪನ್ನು ಮೇಯ್ದು ಮುಗಿಸಿದ್ದವು. ಸೊಪ್ಪು ಖಾಲಿಯಾದ ಕಡೆಯಲ್ಲೆಲ್ಲ ನಾನು ಕಾಣಿಸುತ್ತಿದ್ದೆ. ‘ಸೊಂಟ ಹಿಡಿದವರು ಹೇಗೆ ನಡೆಯುತ್ತಾರೆ, ವಿಡಿಯೋ.’ ‘ಸೊಂಟ ನೋವು ಹೆಚ್ಚೆಂದರೆ ಎಷ್ಟು ವರ್ಷ ಇರಬಹುದು.’ ‘ಡಾಕ್ಟರಿಗೆ ತೋರಿಸದೆ ಸೊಂಟ ನೋವು ಮುಂದುವರಿಸುವುದು ಹೇಗೆ.’ ಓದಲು ಅವಳಿಗೆ ಕಷ್ಟವಾಗಬಾರದೆಂದು ಕೆಂಪು ಗೆರೆ ಬೇರೆ.

“ಕಂಪನಿಯೋರು ಇದ್ನೆಲ್ಲ ಅಳಿಸ್ಬುಟ್ಟವ್ರೆ ಕಣೆ,” ಎಂದೆ. ಬಾಯಿಗೆ ಬಂದದ್ದು ಅದೊಂದೇ.

“ಅವ್ರು ಅಳಿಸ್ಕಳ್ಳಿ ಬುಡಿ, ನಾನು ಮಡಿಕತ್ತೀನಿ,” ಎಂದಳು. ದನಿ ಏರಿಸಲಿಲ್ಲ, ನನಗೆ ಅದೇ ಭಯ. “ಹೋಗಿ ಸೊಪ್ಪು ತನ್ನಿ.”

ಈಗ ದಿನವೂ ಹೊರೆ ನನ್ನದೇ. ಸೊಂಟ ನಿಜವಾಗಿಯೂ ಹಿಡಿದಿದೆ, ಹೇಳಿಕೊಳ್ಳಲು ಮುಖವಿಲ್ಲ. ಕೆಂಪು ಗೆರೆಯ ಆ ಹಾಳೆ ಹುಳದ ಮನೆಯ ಬಾಗಿಲಲ್ಲಿ ತೂಗುತ್ತಿದೆ. ಅವಳೇ ಬಸ್ಸು ಹತ್ತಿ ಹೋಗಿ ಲೋಕೇಶನ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ ತಂದಳು. ಇದು ಎಷ್ಟು ದಿನ ಬಾಳಿಕೆ ಬರುತ್ತದೆಂದು ಅವನಿಗೆ ಫೋನು ಮಾಡಿ ಕೇಳಿದೆ.

“ಏನೂ ಯೋಚ್ನೆ ಮಾಡ್ಬೇಡಿ ಅಣ್ಣ,” ಎಂದ. “ನಿಮ್ ಮೊಮ್ಮಕ್ಳೂ ಓದ್ಬೋದು.”