ಸಂಡಿಗೆಯ ಬಿಸಿಲು, ದೇಶದ ಬಿಸಿಲು

ದೇಶದ ಇಂಧನ ನೀತಿಯ ಬಗ್ಗೆ ದಿಲ್ಲಿಯಲ್ಲಿ ದೊಡ್ಡ ದೊಡ್ಡ ಸಭೆಗಳು ನಡೆಯುತ್ತವಂತೆ. ನಮ್ಮ ಗದಗ-ಬೆಟಗೇರಿಯಲ್ಲಿ ಅದು ಮಾಳಿಗೆಯ ಮೇಲೆ ನಡೆಯುತ್ತದೆ. ನಾನು ಏಣಿ ಹತ್ತಿದ ದಿನ ಅಲ್ಲಿ ಏನಾದರೊಂದು ಫಜೀತಿ ಆಗದೆ ಇರುವುದಿಲ್ಲ.

ಗದಗಿನ ಒಂದು ಸೋಲಾರ್ ಅಂಗಡಿಯಲ್ಲಿ ನನ್ನ ಕೆಲಸ. ಮನೆ ಮನೆಗೆ ಹೋಗಿ ಮಾಳಿಗೆ ಅಳೆಯಬೇಕು, ಸರ್ಕಾರದ ಯೋಜನೆ ತಿಳಿಸಿ ಹೇಳಬೇಕು, ಪ್ಯಾನೆಲ್ ಕೂರಿಸಿದ ಮೇಲೆ ಜನರ ದೂರೂ ಕೇಳಬೇಕು. "ಎಣ್ಣಿ ಹೊರದೇಶದಿಂದ ತರಬೇಕು, ಕಲ್ಲಿದ್ದಲು ಎಲ್ಲಿಂದಲೋ ಬರಬೇಕು. ಬಿಸಿಲು ಮಾತ್ರ ನಮ್ಮ ಮನಿ ಮ್ಯಾಲ ಬಿದ್ದೈತ್ರಿ!" ಎಂದು ಶುರು ಮಾಡಿದರೆ ನನ್ನನ್ನು ಹಿಡಿಯುವವರಿಲ್ಲ. ಹೇಳುತ್ತ ಹೇಳುತ್ತ ನನಗೇ ಮೈ ಜುಮ್ಮೆನ್ನುತ್ತದೆ. ಜನ ಚಹಾ ಕೊಡುತ್ತಾರೆ, ಪೂರ್ತಿ ಕೇಳುತ್ತಾರೆ, ತಲೆದೂಗುತ್ತಾರೆ. ಆಮೇಲೆ ಒಂದೇ ಒಂದು ಪ್ರಶ್ನೆ ಹಾಕುತ್ತಾರೆ.

"ನಿಮ್ಮ ಮನಿ ಮ್ಯಾಲ ಐತೇನ್ರಿ?"

ಇಲ್ಲ. ಅದೇ ನನ್ನ ಕಥೆ.

ಮಾಳಿಗೆಯ ಒಡತಿ

ನಮ್ಮದು ಬೆಟಗೇರಿಯ ನೇಕಾರರ ಓಣಿ. ಮನೆ ನನ್ನ ಗಂಡನ ಹೆಸರಿನಲ್ಲಿದೆ, ಮಾಳಿಗೆ ಮಾತ್ರ ಅತ್ತೆಯದು. ಶಿವರಾತ್ರಿ ಮುಗಿದರೆ ಸಾಕು, ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ: ಶ್ಯಾವಿಗೆ, ಹಪ್ಪಳ, ಅಕ್ಕಿ ಸಂಡಿಗೆ, ಮೂಲೆಯಲ್ಲಿ ಕೆಂಪು ಮೆಣಸಿನಕಾಯಿ. ಅತ್ತೆಯ ಸಂಡಿಗೆ ಇಲ್ಲದೆ ನಮ್ಮ ಓಣಿಯಲ್ಲಿ ಸೀಮಂತವಾಗಲಿ ಮದುವೆಯಾಗಲಿ ನಡೆಯುವುದಿಲ್ಲ. ಅವರು ಛತ್ರಿ ಹಿಡಿದು, ಕೈಯಲ್ಲೊಂದು ಕೋಲಿಟ್ಟುಕೊಂಡು, ದಿನವಿಡೀ ಕಾಗೆ ಓಡಿಸುತ್ತ ಕೂರುತ್ತಾರೆ.

ಇತ್ತ ನಮ್ಮ ಅಂಗಡಿಯ ಸಾಹುಕಾರರು ಒಂದು ದಿನ ಕನ್ನಡಕ ತೆಗೆದಿಟ್ಟು ಹೇಳಿಯೇಬಿಟ್ಟರು: "ನೋಡ್ರಿ ಅಕ್ಕಾರ, ನಿಮ್ಮ ಸ್ವಂತ ಓಣಿಯಿಂದ ಒಂದೂ ಅರ್ಜಿ ಬಂದಿಲ್ಲ. ಈ ಬ್ಯಾಸಗಿ ಮುಗಿಯೂದ್ರೊಳಗ ಬರಲಿಲ್ಲಂದ್ರ ಊರೂರು ತಿರಗೂದು ಬ್ಯಾಡ, ಕೌಂಟರಿನ್ಯಾಗ ಕುಂತು ಬಲ್ಬ್ ಮಾರ್ರಿ."

ಬಲ್ಬ್ ಮಾರುವುದೆಂದರೆ ನನಗೆ ಜೈಲಿನ ಸಮ. ಬಿಸಿಲಲ್ಲಿ ಏಣಿ ಹತ್ತುವುದೇ ನನಗೆ ಖುಷಿ. ಅವತ್ತೇ ಮನೆಗೆ ಬಂದು, ಅತ್ತೆಯ ಮುಂದೆ ಕೂತು, ಊರವರಿಗೆಲ್ಲ ಹೇಳುವ ಭಾಷಣ ಅವರಿಗೂ ಹೇಳಿದೆ. ಎಣ್ಣೆ, ಕಲ್ಲಿದ್ದಲು, ಹೊರದೇಶ ಯಾವುದನ್ನೂ ಬಿಡಲಿಲ್ಲ.

"ಕರೆಂಟ್ ಸರ್ಕಾರ ಪುಗಸಟ್ಟೆ ಕೊಡಾಕತ್ತೈತಲ್ಲ," ಎಂದರು ಅತ್ತೆ.

"ನಮಗ ಪುಗಸಟ್ಟೆ ಖರೆ, ದೇಶಕ್ಕ ಪುಗಸಟ್ಟೆ ಅಲ್ರಿ ಅತ್ತೀ. ದೇಶಕ್ಕ ನಮ್ಮ ಬಿಸಿಲು ಬೇಕಾಗೈತಿ."

ಅತ್ತೆ ಹಪ್ಪಳದ ಹಿಟ್ಟು ನಾದುವುದನ್ನು ನಿಲ್ಲಿಸಿ ಕೇಳಿದರು: "ಯಾಕ, ದೇಶಕ್ಕ ಸ್ವಂತ ಮಾಳಿಗಿ ಇಲ್ಲೇನು?"

ಹಬ್ಬದ ಸೂಟಿ

ಇದು ಅದಕ್ಕೂ ಮುಂಚಿನ ದಸರೆಯ ಮಾತು. ಶಿರಹಟ್ಟಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವರೊಬ್ಬರ ಮನೆಗೆ ಹೊಸದಾಗಿ ಪ್ಯಾನೆಲ್ ಹಾಕಿದ್ದೆವು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಅವರ ಮಗ ಫೋನ್ ಮಾಡಿದ: "ಅಕ್ಕಾರ, ಕರೆಂಟ್ ನಿಂತಂಗ ಆಗೈತಿ, ಜಲ್ದಿ ಬರ್ರಿ."

ಹಬ್ಬದ ಊಟ ಬಿಟ್ಟು ಓಡಿದೆ. ಮಾಳಿಗೆ ಹತ್ತಿ ನೋಡಿದರೆ ಒಂದೊಂದು ಪ್ಯಾನೆಲ್ಲಿಗೂ ಅಡ್ಡಡ್ಡ ದಪ್ಪನೆಯ ವಿಭೂತಿ. ಅದರ ಮೇಲೆ ಕುಂಕುಮ, ಅದರ ಮೇಲೆ ಚೆಂಡುಹೂವಿನ ಮಾಲೆ. ನಾಲ್ಕೂ ಮೂಲೆಗೆ ಬಾಳೆಕಂಬ ಕಟ್ಟಿದ್ದರು, ಎಲೆಗಳ ನೆರಳು ತಂಪಾಗಿ ಹರಡಿತ್ತು. ಬಿಸಿಲಿಗೆ ಒಳಗೆ ಹೋಗಲು ದಾರಿಯೇ ಇರಲಿಲ್ಲ.

"ಯಜಮಾನರ, ಇದನ್ನೆಲ್ಲಾ ಒರಸಬೇಕಾಗ್ತೈತ್ರಿ," ಎಂದೆ ಮೆಲ್ಲಗೆ.

ಅವರು ಬೆಚ್ಚಿಬಿದ್ದರು. "ಹಬ್ಬದ ದಿನ ವಿಭೂತಿ ಒರಸೂದಾ? ಮೇಡಂ, ಇವತ್ತ ಗಿರಣಿಗೆ ಸೂಟಿ, ಗಾಡಿಗೆ ಸೂಟಿ, ನಮ್ಮ ಕೊಡ್ಲಿ-ಕುಡಗೋಲಿಗೂ ಸೂಟಿ. ಪಾಪ, ಇದೊಂದ ದುಡೀಬೇಕೇನ್ರಿ?"

ಅವರು ತಟ್ಟೆ ತುಂಬ ಹೋಳಿಗೆ ತಂದು ಕೈಗಿಟ್ಟರು. "ತಗೋರಿ, ನೀವೂ ಸೂಟಿ ಮಾಡ್ರಿ."

ಲಕ್ಷ್ಮೇಶ್ವರದ ದಾನಿ

ನನ್ನ ಭಾಷಣಕ್ಕೆ ನನಗಿಂತ ಹೆಚ್ಚು ಮರುಳಾದವರು ಲಕ್ಷ್ಮೇಶ್ವರದ ಒಬ್ಬ ಕಾಳಿನ ವ್ಯಾಪಾರಿ. ಮನೆಯಲ್ಲಿ ಉರಿಸಿ ಉಳಿದ ಕರೆಂಟು ಲೈನಿಗೆ ಹೋಗುತ್ತದೆ ಎಂದು ತಿಳಿದದ್ದೇ ತಡ, ಅವರ ಹುರುಪಿಗೆ ಮಿತಿಯೇ ಇಲ್ಲದಂತಾಯಿತು. ಬೇಸಿಗೆ ಶುರುವಾದ ಮೇಲೆ ಅವರ ಹೆಂಡತಿಯ ಫೋನ್ ಬಂತು: "ಅಕ್ಕಾರ, ಒಂದೀಟು ಬಂದು ನಮ್ಮ ಮನಿಯವ್ರಿಗೆ ಬುದ್ಧಿ ಹೇಳ್ರಿ."

ಹೋದೆ. ನಡುಮನೆಯಲ್ಲಿ ಫ್ಯಾನ್ ಇಲ್ಲ, ಟಿವಿ ಇಲ್ಲ, ಫ್ರಿಜ್ಜಿನ ವೈರು ಕಿತ್ತು ಬದಿಗಿಟ್ಟಿದೆ. ವ್ಯಾಪಾರಿ ಬರಿಮೈಯಲ್ಲಿ ಮೀಟರಿನ ಮುಂದೆ ಕುರ್ಚಿ ಹಾಕಿಕೊಂಡು, ಬೆವರು ಸುರಿಸುತ್ತ, ಕ್ರಿಕೆಟ್ ನೋಡುವವರ ಹಾಗೆ ಕೂತಿದ್ದಾರೆ.

"ಬರ್ರಿ, ಕುಂಡ್ರಿ! ನೋಡ್ರಿ ಹೆಂಗ ಹೊಂಟೈತಿ! ಈಗ ಹುಬ್ಬಳ್ಳಿ ದಾಟಿರಬೇಕು. ಯಾವ ಅರಬರ ಮುಂದ ಕೈ ಒಡ್ಡೂದು ಬ್ಯಾಡ ಇನ್ನ!"

"ನೀವು ಉಪಯೋಗಿಸಿ ಉಳಿದದ್ದು ಕೊಟ್ರ ಸಾಕ್ರಿ, ಫ್ಯಾನ್ ಹಾಕ್ಕೋರಿ," ಎಂದೆ.

"ಛೇ, ಉಳಿದದ್ದು ಕೊಡೂದು ದಾನ ಅಲ್ರಿ!"

ಒಳಗಿನಿಂದ ಹೆಂಡತಿ ಬಂದು ನನ್ನ ಮುಂದೆ ಒಂದು ಮುರುಕು ಬೀಸಣಿಗೆ ಹಿಡಿದರು: "ನೋಡ್ರಿ ಅಕ್ಕಾರ, ದೇಶಕ್ಕ ಕರೆಂಟ್ ಕೊಟ್ರು, ನನಗ ಇದನ್ನ ಕೊಟ್ರು."

ನಾನು ನಕ್ಕೆ. ಆದರೆ ಹೊರಡುವಾಗ ಆ ಪುಣ್ಯಾತ್ಮ ಎದ್ದುನಿಂತು ಕೇಳಿದರು: "ನಿಮ್ಮ ಮನಿಯಿಂದ ದಿನಾ ಎಷ್ಟು ಹೋಗ್ತೈತ್ರಿ?" ನಗು ಅಲ್ಲಿಗೇ ಇಂಗಿತು.

ಹಿರೇವಡ್ಡಟ್ಟಿಯ ಪಂಖ

ಅತ್ತೆಯ ತವರು ಮುಂಡರಗಿ ಕಡೆಯ ಹಿರೇವಡ್ಡಟ್ಟಿ. ತಮ್ಮನ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆಂದು ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಗುಡ್ಡದ ಮೇಲೆ ಗಾಳಿ ಪಂಖಗಳು. ಇದೇ ಸಮಯವೆಂದು ಶುರು ಮಾಡಿದೆ: "ನೋಡ್ರಿ ಅತ್ತೀ, ಗುಡ್ಡ ಸೈತ ದೇಶಕ್ಕ ದುಡಿಯಾಕತ್ತೈತಿ."

ಅತ್ತೆ ಕಿಟಕಿಯಿಂದ ಕತ್ತು ಹೊರಹಾಕಿ, ಸಾಲುಸಾಲು ಪಂಖಗಳನ್ನು ನೋಡಿದರು. "ಇಷ್ಟೆಲ್ಲಾ ಇದ್ದೂ ನನ್ನ ಮಾಳಿಗಿ ಮ್ಯಾಲ ಕಣ್ಣು ಹಾಕ್ಯಾರಂದ್ರ, ಭಾಳ ಆಶಾಬುರುಕರ ಬಿಡು."

ಬಸ್ಸಿನವರೆಲ್ಲ ನಕ್ಕರು. ನನ್ನನ್ನು ಉಳಿಸಿದವರು ಅತ್ತೆಯ ತಮ್ಮ. ಊಟಕ್ಕೆ ಕೂತಾಗ ವಿಷಯ ಕೇಳಿ ಹೇಳಿದರು: "ಅಕ್ಕಾ, ಪ್ಯಾನೆಲ್ ಎತ್ತರಕ್ಕ ಹಾಕಿಸ್ಕೊ. ಅದರ ಬುಡಕ ನೆಳ್ಳು ಬೀಳ್ತೈತಿ. ನೆಳ್ಳಾಗ ಕುಂತು ಕಾಗಿ ಹೊಡಿ, ಉಳದ ಅರ್ಧಾ ಮಾಳಿಗಿ ಬಿಸಿಲಾಗ ಸಂಡಿಗಿ ಹಾಕು. ಛತ್ರಿ ಹಿಡಿಯೂದು ತಪ್ಪತೈತಿ."

ನಾನು ಎಷ್ಟು ದೇಶದ ಕಥೆ ಹೇಳಿದರೂ ಕರಗದ ಅತ್ತೆ ನೆರಳಿನ ಮಾತಿಗೆ ಕರಗಿದರು. ನನ್ನ ಕಡೆ ತಿರುಗಿ ಕೇಳಿದರು: "ಇದನ್ನ ಮೊದಲ ಹೇಳಾಕ ಏನಾಗಿತ್ತ ನಿನಗ?"

ಉದ್ಘಾಟನೆ

ನಮ್ಮ ಮಾಳಿಗೆಯ ಮೇಲೆ ಪ್ಯಾನೆಲ್ ಕೂತಿತು! ಕರೆಂಟ್ ಆಫೀಸಿನ ಎಂಜಿನಿಯರ್ ಸಾಹೇಬರು ಬಂದು ಮೀಟರ್ ನೋಡುವ ದಿನ ನಾನು ಹೊಸ ಇಳಕಲ್ ಸೀರೆ ಉಟ್ಟೆ. ಸಾಹುಕಾರರು ಪೇಡೆ ತಂದರು. ಓಣಿಯ ಹೆಂಗಸರೆಲ್ಲ ಅಂಗಳದಲ್ಲಿ ಸೇರಿದರು. ನಮ್ಮ ಮನೆಯ ಅರ್ಜಿಯನ್ನು ಸಾಹುಕಾರರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇವತ್ತು ಇವರಲ್ಲಿ ಒಬ್ಬರಾದರೂ ಅರ್ಜಿ ಕೊಟ್ಟರೆ ನಾನು ಬಚಾವ್, ಇಲ್ಲದಿದ್ದರೆ ಬಲ್ಬಿನ ಕೌಂಟರ್.

ಸಾಹೇಬರು ಸ್ವಿಚ್ ಹಾಕಿದರು. ಮೀಟರ್ ಅಲ್ಲಾಡಲಿಲ್ಲ ಎಂದೇ ಹೇಳಬೇಕು. ಬೆಟಗೇರಿಯ ಉರಿಬಿಸಿಲು ನೆತ್ತಿ ಸುಡುತ್ತಿದೆ, ಮೀಟರಿನಲ್ಲಿ ಮಾತ್ರ ಮೋಡ ಕವಿದಂತಿದೆ. ಸಾಹುಕಾರರ ಮುಖ ಸಣ್ಣದಾಯಿತು. ಹಿಂದಿನಿಂದ ಯಾರೋ, "ನಾ ಹೇಳಿದ್ನಿಲ್ಲ, ಇವೆಲ್ಲಾ ಬರೇ ಬಾಯಿಮಾತು," ಎಂದದ್ದೂ ಕೇಳಿತು. ನನಗೆ ಅಳುವೇ ಬಂತು. ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದೆ, ನನ್ನ ಹಿಂದೆ ಸಾಹೇಬರು, ಅವರ ಹಿಂದೆ ಇಡೀ ಓಣಿ.

ಮೇಲೆ ಅತ್ತೆ ಸ್ಟೂಲಿನ ಮೇಲೆ ನಿಂತಿದ್ದರು. ಪ್ಯಾನೆಲ್ಲುಗಳ ಗಾಜಿನ ಮೇಲೆ ಒಂದು ಬೆರಳು ಜಾಗ ಬಿಡದೆ ಸಂಡಿಗೆ ಒತ್ತಿದ್ದರು.

"ಅತ್ತೀ! ಅರ್ಧಾ ಮಾಳಿಗಿ ನಿಮಗ ಬಿಟ್ಟಿದ್ವಲ್ರಿ!"

"ಅಲ್ಲೆ ಹಪ್ಪಳ ಹಾಕೇನಿ," ಎಂದರು ಶಾಂತವಾಗಿ. "ಈ ಗಾಜು ಕಾದ ಹಂಚು ಆಗೈತಿ. ಮತ್ತ ಇಲ್ನೋಡು ತಮಾಷಿ!"

ಅಷ್ಟರಲ್ಲಿ ಒಂದು ಕಾಗೆ ಸಂಡಿಗೆಯ ಆಸೆಗೆ ಪ್ಯಾನೆಲ್ಲಿನ ಮೇಲಂಚಿಗೆ ಬಂದು ಕೂತಿತು. ಹಸಿ ಹಿಟ್ಟು, ನುಣುಪು ಗಾಜು, ಇಳಿಜಾರು. ಕಾಲೂರಿದ್ದೇ ಸರ್ರನೆ ಕೆಳತನಕ ಜಾರಿ, ಕಾ ಕಾ ಎನ್ನುತ್ತ ಹಾರಿಹೋಯಿತು.

"ಮುಂಜಾನಿಂದ ಒಂದೂ ಕಾಗಿ ನಿಂತಿಲ್ಲ. ಕೋಲೂ ಬ್ಯಾಡ, ಕಾಯೂದೂ ಬ್ಯಾಡ!" ಎಂದರು ಅತ್ತೆ.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಮ್ಮಾರ, ದೇಶಕ್ಕ ಕರೆಂಟ್ ಕೊಡೂದು ಹೆಂಗ್ರಿ?"

"ಸಂಜಿತನಾ ತಡಿ ಅನ್ರಿ ದೇಶಕ್ಕ. ಒಣಗಿದ ಮ್ಯಾಲ ತಗದು ಕೊಡ್ತೀನಿ."

ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಮುಗಿಯಿತು ನನ್ನ ಕಥೆ ಎಂದುಕೊಳ್ಳುವಷ್ಟರಲ್ಲಿ ಓಣಿಯ ಹೆಂಗಸರೆಲ್ಲ ನನ್ನನ್ನು ಮುತ್ತಿಕೊಂಡರು. "ನಮ್ಮ ಮನಿಗೂ ಹಾಕ್ರಿ!" "ಮೊದಲ ನಮ್ಮದು ಬರಕೋರಿ!" ಸಾಹುಕಾರರು ಪೇಡೆಯ ಡಬ್ಬಿ ನನ್ನ ಕೈಗೆ ಕೊಟ್ಟು, ಪೆನ್ನು ತೆಗೆದರು. ನನಗೆ ಕುಣಿಯುವಷ್ಟು ಆನಂದವಾಯಿತು. ಇಡೀ ಓಣಿ ದೇಶಕ್ಕೆ ಬೆಳಕು ಕೊಡಲು ಮುಂದೆ ಬಂದಿದೆ!

ಅಷ್ಟರಲ್ಲಿ ಪಕ್ಕದ ಮನೆಯವರು ನನ್ನ ಸೆರಗು ಹಿಡಿದೆಳೆದು, ಕಿವಿಯ ಹತ್ತಿರ ಬಂದು ಕೇಳಿದರು:

"ಅಕ್ಕಾರ, ಕರೆಂಟ್ ಇಲ್ಲದ್ದು ಸಿಗ್ತೈತೇನ್ರಿ? ನಮಗ ಮ್ಯಾಲಿನ ಗಾಜಷ್ಟ ಸಾಕು."