ಸಿಹಿಗುಂಬಳದ ಮೊಕದ್ದಮೆ

ಇದು ನಡೆದದ್ದು ೧೯೧೨ರ ಅಕ್ಟೋಬರ್ ತಿಂಗಳಲ್ಲಿ, ಚುನಾವಣೆಗೆ ಸ್ವಲ್ಪ ಮುಂಚೆ.

ಅಮೆರಿಕದ ಇಂಡಿಯಾನಾ ರಾಜ್ಯದ ವೆಲ್ಡನ್ ಪಟ್ಟಣದಲ್ಲಿದ್ದ ಏಕೈಕ ವಕೀಲರು ಲೂಷಿಯಸ್ ಬ್ಯಾಗ್ಲಿ. ಎದುರು ವಾದಿಸಲು ಇನ್ನೊಬ್ಬರಿಲ್ಲದ ಕಾರಣ ಅವರು ಯಾವ ಮೊಕದ್ದಮೆಯನ್ನೂ ಸೋತಿರಲಿಲ್ಲ. ಆ ಕೀರ್ತಿಯೇ ಅವರನ್ನು ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ, ಅಂದರೆ ದೇಶದ ಶಾಸನಸಭೆಗೆ, ಕಳುಹಿಸಿತು. ವಕೀಲಿಯನ್ನು ಅವರು ಬಿಡಲಿಲ್ಲ.

ಪ್ರತಿ ವಸಂತದಲ್ಲಿ ಮತದಾರರಿಗೆ ಸರ್ಕಾರದ ಖರ್ಚಿನಲ್ಲಿ ಬೀಜದ ಪೊಟ್ಟಣ ಕಳುಹಿಸುವುದು ಆ ಕಾಲದ ಕಾಂಗ್ರೆಸ್ ಸದಸ್ಯರ ಮುಖ್ಯ ಕರ್ತವ್ಯ. ಶಾಸನ ರಚನೆ ಅದರ ನಂತರದ್ದು. ಮತದಾರರು ಉಡುಗೊರೆಯನ್ನು ತೂಕದಿಂದ ಅಳೆಯುತ್ತಾರೆಂದು ಬಲ್ಲ ಬ್ಯಾಗ್ಲಿಯವರು ತಮ್ಮ ಪಾಲಿನ ಸೊಪ್ಪಿನ ಬೀಜಗಳನ್ನೆಲ್ಲ ನಗರದ ಸದಸ್ಯರೊಬ್ಬರಿಗೆ ಕೊಟ್ಟು, ಬದಲಿಗೆ ಸಿಹಿಗುಂಬಳದ ಬೀಜ ಪಡೆದರು. ಬಿಟ್ಟಿ ಬಂದದ್ದನ್ನು ಯಾರೂ ಬಿಡಲಿಲ್ಲ. ಎಲ್ಲರೂ ಬಿತ್ತಿದರು. ಎಲ್ಲವೂ ಮೊಳೆಯಿತು. ಅಕ್ಟೋಬರ್ ವೇಳೆಗೆ ಬೇಲಿಗಳು ಮುರಿದು, ಕೊಳ್ಳುವವರಿಲ್ಲದ ಕುಂಬಳ ರಸ್ತೆಗೆ ಉರುಳಿತು.

ರೈತ ಇಫ್ರೇಯಿಮ್ ವೆಟ್ಜೆಲ್ ಮತ್ತು ವಿಧವೆ ಆಲ್ಮೈರಾ ಕೋಟ್ಸ್ ವಕೀಲರ ಕಚೇರಿಗೆ ಬಂದರು.

"ವಕೀಲರೇ, ಒಬ್ಬರ ಮೇಲೆ ದಾವೆ ಹೂಡ್ಬೇಕು," ಎಂದ ವೆಟ್ಜೆಲ್.

"ಯಾರ ಮೇಲೆ?"

"ನಿಮ್ಮ ಮೇಲೆ."

ಬ್ಯಾಗ್ಲಿಯವರು ಬಾಗಿಲು ತೋರಿಸಿದರು. "ಬೇರೆ ವಕೀಲರನ್ನ ನೋಡ್ಕೊಳ್ಳಿ."

"ಇದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ವಿ?" ಎಂದಳು ಆಲ್ಮೈರಾ. "ಕುಂಬಳ ಕಂಡ್ರೆ ನನ್ನ ಹಂದಿಗಳೂ ಮುಖ ತಿರುಗಿಸ್ತಾವೆ. ಆ ಕಾಂಗ್ರೆಸ್ಸಿನೋನಿಗೆ ಬುದ್ಧಿ ಕಲಿಸ್ಬೇಕು. ಅವನು ದಗಾಕೋರ ಅಂತ ಕೋರ್ಟಲ್ಲಿ ಹೇಳ್ತೀರಾ?"

ಬ್ಯಾಗ್ಲಿಯವರು ಯೋಚಿಸಿದರು. ಒಪ್ಪದಿದ್ದರೆ ಮತ ಹೋಗುತ್ತದೆ. ಒಪ್ಪಿ ಸೋತರೆ ವಕೀಲಿಯ ಕೀರ್ತಿ. ಗೆದ್ದರೆ ಕಾಂಗ್ರೆಸ್ಸಿನ ಕುರ್ಚಿಯೇ ಹೋಗುತ್ತದೆ.

"ಕಕ್ಷಿದಾರರ ಸೂಚನೆಯಿದ್ದರೆ ಹೇಳ್ತೀನಿ," ಎಂದರು.

ನ್ಯಾಯಾಲಯದಲ್ಲಿ ನ್ಯಾಯಾಧೀಶ ಹೈರಮ್ ಸ್ಟ್ರೌಡ್ ಅವರು ಕ್ರಮದಂತೆ ವಿಚಾರಿಸಿದರು: "ಪ್ರತಿವಾದಿಗೆ ವಕೀಲರಿಲ್ಲವೇ?"

"ಸಿಗಲಿಲ್ಲ, ಸ್ವಾಮಿ," ಎಂದರು ಬ್ಯಾಗ್ಲಿ.

"ನಿಮ್ಮನ್ನು ಕೇಳಲಿಲ್ಲವೇ?"

"ಕೇಳಿದರು. ನಾನು ನಿರಾಕರಿಸಿದೆ."

ಗೊಂದಲವಾಗಬಾರದೆಂದು ಬ್ಯಾಗ್ಲಿಯವರು ವಕೀಲರಾಗಿ ಪ್ರಶ್ನಿಸುವಾಗ ಕನ್ನಡಕ ಧರಿಸಿದರು, ಪ್ರತಿವಾದಿಯಾಗಿ ಉತ್ತರಿಸುವಾಗ ತೆಗೆದರು.

"ಬೀಜ ಕಳುಹಿಸುವಾಗ ಫಸಲಿನ ಬಗ್ಗೆ ಯೋಚಿಸಿದಿರಾ?"

"ಇಲ್ಲ. ಮತದ ಬಗ್ಗೆ ಯೋಚಿಸಿದೆ."

"ನಾಚಿಕೆಯಾಗುವುದಿಲ್ಲವೇ?"

"ಸದನದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ."

"ಹಂಗೇ ಜಾಡಿಸಿ ವಕೀಲರೇ, ಬಿಡ್ಬೇಡಿ ಅವನನ್ನ!" ಎಂದು ಆಲ್ಮೈರಾ ಕೂಗಿದಳು. ಬ್ಯಾಗ್ಲಿಯವರು ಕನ್ನಡಕ ಧರಿಸಿ ವಂದಿಸಿದರು.

ಕೊನೆಗೆ ಅವರು ವಾದಿಗಳ ಪರವಾಗಿ ಕೋರಿದ ಪರಿಹಾರ ಒಂದೇ: ಬರುವ ವಸಂತದಲ್ಲಿ ತಪ್ಪಿತಸ್ಥನು ಪ್ರತಿ ಮನೆಗೂ ಒಳ್ಳೆಯ ಬೀಜ ಕಳುಹಿಸತಕ್ಕದ್ದು. ನ್ಯಾಯಾಲಯ ಅದನ್ನು ಮಾನ್ಯ ಮಾಡಿತು. ಪ್ರತಿವಾದಿ ಸಂಪೂರ್ಣವಾಗಿ ಸೋತರು. ವಕೀಲರು ಸೋಲಲಿಲ್ಲ.

ವೆಟ್ಜೆಲ್ ತಲೆ ಕೆರೆದುಕೊಂಡ. "ಬೀಜ ಕಳ್ಸೋ ಅಧಿಕಾರ ಕಾಂಗ್ರೆಸ್ಸಿನೋರಿಗೆ ಮಾತ್ರ ಅಲ್ವಾ? ಹಂಗಾದ್ರೆ ಅವನನ್ನೇ ಮತ್ತೆ ಗೆಲ್ಲಿಸ್ಬೇಕಾ?"

"ನ್ಯಾಯಾಲಯದ ಆಜ್ಞೆ," ಎಂದರು ಬ್ಯಾಗ್ಲಿ ವಿಷಾದದಿಂದ. "ಶಿಕ್ಷೆ ಅಂದ ಮೇಲೆ ಅನುಭವಿಸಲೇಬೇಕು."

"ಗಂಡಸರು ಅನುಭವಿಸಿ," ಎಂದಳು ಆಲ್ಮೈರಾ. "ಹೆಂಗಸರಿಗಂತೂ ಓಟಿಲ್ಲ. ಈ ಸಲ ಯಾವ ಬೀಜವಂತೆ?"

"ಅದನ್ನು ಸದಸ್ಯರನ್ನೇ ಕೇಳಬೇಕಮ್ಮ," ಎಂದು ಬ್ಯಾಗ್ಲಿಯವರು ಕನ್ನಡಕ ಒರೆಸಿಕೊಂಡರು.

ನವೆಂಬರಿನಲ್ಲಿ ವೆಲ್ಡನ್ನಿನ ಜನ ಆಜ್ಞೆಯನ್ನು ಪಾಲಿಸಿದರು.

ತೀರ್ಪಿನ ವೇಳೆ ಹಾಜರಿದ್ದವರು: ನ್ಯಾಯಾಧೀಶ ಹೈರಮ್ ಸ್ಟ್ರೌಡ್; ವಾದಿಗಳಾದ ಇಫ್ರೇಯಿಮ್ ವೆಟ್ಜೆಲ್ ಮತ್ತು ಆಲ್ಮೈರಾ ಕೋಟ್ಸ್; ವಾದಿಗಳ ವಕೀಲ ಲೂಷಿಯಸ್ ಬ್ಯಾಗ್ಲಿ; ಪ್ರತಿವಾದಿ ಲೂಷಿಯಸ್ ಬ್ಯಾಗ್ಲಿ.