ಗಿಟಾರಿಗೆ ಬರಿ ಬೆರಳೇ ಏಕೆ ಬೇಕು?

ಗಿಟಾರು ಬಾರಿಸುವವರೆಲ್ಲ ಬರಿ ಬೆರಳಿನಿಂದ ತಂತಿ ಮೀಟುವುದನ್ನು ಕಲಿಯಲೇಬೇಕು ಎಂಬುದು ನನ್ನ ಬಹುದಿನದ ಅಭಿಪ್ರಾಯ. ರಬಕವಿಯಲ್ಲಿ ಗಿಟಾರು ಬಾರಿಸುವವನು ನಾನೊಬ್ಬನೇ ಆದ್ದರಿಂದ ಈ ಅಭಿಪ್ರಾಯವನ್ನು ಇದುವರೆಗೆ ಯಾರೂ ಖಂಡಿಸಿಲ್ಲ. ಬನಹಟ್ಟಿಯಲ್ಲೋ ಜಮಖಂಡಿಯಲ್ಲೋ ಇನ್ನೊಬ್ಬ ಇದ್ದಾನೆಯೇ ಎಂದು ವಿಚಾರಿಸಿಯೂ ನೋಡಿದೆ. ಒಬ್ಬರು ಅದು ಯಾವ ಬೇನೆ ಎಂದು ಕೇಳಿದರು. ಹೀಗಾಗಿ ನಾನು ಉಪದೇಶ ಮಾಡಬಹುದಾದ ಗಿಟಾರುಗಾರ ಎಂದರೆ ನಾನೇ, ನಾನೋ ಆಗಲೇ ಕಲಿತವನು. ಆದರೂ ಮನಸ್ಸಿನಲ್ಲಿದ್ದದ್ದನ್ನು ಯಾರಿಗಾದರೂ ಹೇಳದಿದ್ದರೆ ಉಂಡದ್ದು ಕರಗದ ಸ್ವಭಾವ ನನ್ನದು. ಅದಕ್ಕೇ ನಿಮ್ಮನ್ನು ಹಿಡಿದು ಕೂರಿಸಿದ್ದೇನೆ.

ನೇಕಾರನ ಮನೆಗೆ ಗಿಟಾರು ಬಂದದ್ದು ಯುದ್ಧದ ದೆಸೆಯಿಂದ. ಮುಧೋಳದಲ್ಲಿದ್ದ ನನ್ನ ಸೋದರಮಾವನ ಮಗ ಪುಣೆಯ ದಂಡಿನಲ್ಲಿ ಅಡಿಗೆಯವನಾಗಿದ್ದ. ಊರಿಗೆ ಹೊರಟ ಬಿಳಿ ಸಾಹೇಬನೊಬ್ಬ ಇವನ ಕೈಯಡಿಗೆಗೆ ಮೆಚ್ಚಿಯೋ, ಸಾಮಾನು ಹೆಚ್ಚಾಯಿತೆಂದೋ ಅದನ್ನು ಕೊಟ್ಟುಹೋದನಂತೆ. ಇವನು ದುಪ್ಪಟಿಯಲ್ಲಿ ಸುತ್ತಿಕೊಂಡು ಮುಧೋಳಕ್ಕೆ ತಂದರೆ, ಅವರ ಮನೆಯ ಬೇಟೆನಾಯಿ ಅದರ ದನಿ ಕೇಳಿದೊಡನೆ ಅನ್ನ ಬಿಟ್ಟಿತು. ನಾಯಿಯನ್ನು ಬಿಡಲಾರದೆ ಗಿಟಾರನ್ನು ನನ್ನ ಮನೆಗೆ ಸಾಗಹಾಕಿದ. ನಮ್ಮ ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತಂಬೂರಿಗೆ ಸೊಂಟ ಬಂದಂತಿದೆ ಎಂದು ಹೇಳಿ ತಮ್ಮ ಮಗ್ಗಕ್ಕೆ ಹೋದರು.

ತಂತಿ ಮೀಟಲು ಮುರಿದ ಕೊಂಬಿನ ಬಾಚಣಿಗೆಯಿಂದ ಒಂದು ಚೂರು ಮಾಡಿಕೊಂಡೆ. ನಮ್ಮ ಓಣಿಯಲ್ಲಿ ಬೆಳಗಿನಿಂದ ಮಲಗುವ ಹೊತ್ತಿನವರೆಗೆ ಐವತ್ತು ಮಗ್ಗಗಳ ಸದ್ದು. ನಮ್ಮ ಜನ ಗುಟ್ಟು ಹೇಳಿದರೂ ಬೇರೆ ಊರಿನವರಿಗೆ ಜಗಳವಾಡಿದಂತೆ ಕೇಳಿಸುತ್ತದೆ. ಅಂಥ ಕಡೆ ನನ್ನ ವಾದನ ನನಗೇ ಕೇಳಬೇಕಾದರೆ ತಂತಿಗೆ ಹೊಡೆಯಬೇಕಿತ್ತು. ಹೊಡೆದೆ. ನನಗೆ ಕೇಳಿಸಿತು, ಜೊತೆಗೆ ಇನ್ನೊಬ್ಬರಿಗೂ ಕೇಳಿಸಿತು.

ಆ ಇನ್ನೊಬ್ಬರು ನನ್ನ ಹೆಂಡತಿ ನೀಲವ್ವ. ಮಗ್ಗದ ಹಾಸು, ಎಂದರೆ ಉದ್ದನೆಯ ನೂಲು, ಮುಗಿದಾಗ ಹೊಸ ಹಾಸಿನ ಎಳೆಗಳನ್ನು ಹಳೆಯ ಹಾಸಿನ ತುದಿಗೆ ಒಂದೊಂದಾಗಿ ಹೊಸೆದು ಕೆಚ್ಚುವ ಕೆಲಸ ಅವಳದು. ಬೆರಳಿಗೆ ಬೂದಿ ಹಚ್ಚಿಕೊಂಡು, ತನ್ನಷ್ಟಕ್ಕೆ ಏನೋ ಒಂದು ಧಾಟಿಯನ್ನು ನಮ್ಮ ಓಣಿಯ ಗಟ್ಟಿ ದನಿಯಲ್ಲೇ ಗುನುಗುತ್ತ ಕೆಚ್ಚುತ್ತಿದ್ದಳು. ಹಿರಿಯರಿರುವ ಮನೆಯಲ್ಲಿ ಹಗಲು ಹೊತ್ತು ಗಂಡ ಹೆಂಡತಿ ಮಾತಾಡುವ ಪದ್ಧತಿ ಇರಲಿಲ್ಲ. ಉಪ್ಪು ಬೇಕಾದರೂ ಅವ್ವನ ಮುಖಾಂತರವೇ ಕೇಳಬೇಕು. ಆದರೆ ಗಿಟಾರಿನ ಮೇಲೆ ಯಾರ ನಿರ್ಬಂಧವೂ ಇರಲಿಲ್ಲ. ಅವಳ ಧಾಟಿಯನ್ನೇ ಹಿಡಿದು ನಾನು ಬಾರಿಸಿದರೆ ಅವಳು ತಲೆ ಎತ್ತದೆ ನಗುತ್ತಿದ್ದಳು. ನಮ್ಮ ಸಂಸಾರದ ಮುಕ್ಕಾಲು ಮಾತುಕತೆ ನಡೆದದ್ದು ಹೀಗೆ.

ಚೊಚ್ಚಲ ಬಾಣಂತನಕ್ಕೆ ಅವಳನ್ನು ಕರೆದೊಯ್ಯಲು ಅವಳ ತವರು ತೇರದಾಳದಿಂದ ಗಾಡಿ ಬಂತು. ಹತ್ತುವಾಗ ಅವಳು ಸೆರಗು ಸರಿಮಾಡಿಕೊಳ್ಳುವ ನೆವದಲ್ಲಿ ನನ್ನ ಕಡೆ ತಿರುಗಿ, "ಬರ್ತೀರಿಲ್ಲೋ?" ಎಂದಳು. ಬರದೆ ಇರುತ್ತೇನೆಯೇ, ನೀನಿಲ್ಲದೆ ಈ ಮನೆಯಲ್ಲಿ ನಾನು ಹೇಗಿರಲಿ ಎಂದು ಹೇಳಬೇಕೆನಿಸಿತು. ಅಪ್ಪ ಪಕ್ಕದಲ್ಲೇ ನಿಂತಿದ್ದರು. ನಾನು ಗಾಡಿಯ ಎತ್ತಿಗೆ ಎಷ್ಟು ಹಲ್ಲು ಎಂದು, ಗಾಡಿ ತಂದಿದ್ದ ಅವಳ ತಂದೆ, ನನ್ನ ಮಾವನನ್ನು ಕೇಳಿದೆ.

ಗಾಡಿ ಹೋದ ಮೇಲೆ ಆ ಉತ್ತರ ಗಂಟಲಲ್ಲೇ ಉಳಿಯಿತು. ಕಾಗದ ಬರೆಯೋಣವೆಂದರೆ ಅವಳಿಗೆ ಓದು ಬಾರದು, ಮಾವ ಕನ್ನಡಕ ಏರಿಸಿ ಪಡಸಾಲೆಯಲ್ಲಿ ನಾಲ್ಕು ಜನರೆದುರು ಓದಿ ಹೇಳುತ್ತಾರೆ. ಮಗ ಹುಟ್ಟಿದ ಸುದ್ದಿ ಬಂತು. ಮಗ್ಗಕ್ಕೆ ಬಿಡುವು ಅಮಾವಾಸ್ಯೆಗೆ ಮಾತ್ರ. ಮುಂದಿನ ಅಮಾವಾಸ್ಯೆಯ ದಿನ ಗಿಟಾರನ್ನು ಹೆಗಲಿಗೇರಿಸಿ ತೇರದಾಳಕ್ಕೆ ನಡೆದೆ. ಹೇಳಲಾಗದ್ದನ್ನು ಬಾರಿಸಿ ಬರುವುದೆಂದು ನಿಶ್ಚಯಿಸಿದ್ದೆ.

ಮಾವನದು ಬೆಲ್ಲದ ವ್ಯಾಪಾರ. ಓಣಿಯಲ್ಲಿ ಒಂದೂ ಮಗ್ಗವಿಲ್ಲ, ಬಸದಿಗೆ ಹೋಗಿಬರುವ ಜೈನ ಹಿರಿಯರು ಚಪ್ಪಲಿ ಸದ್ದೂ ಆಗದಂತೆ ನಡೆಯುತ್ತಾರೆ. ಬಾಣಂತಿಯ ಕೋಣೆ ನಡುಮನೆಯಾಚೆ. ಅಲ್ಲಿಗೆ ಗಂಡಸರು, ಅದರಲ್ಲೂ ಅಳಿಯ, ಕಾಲಿಡುವಂತಿಲ್ಲ. ಅತ್ತೆ ಕೂಸನ್ನು ಪಡಸಾಲೆಗೇ ತಂದು ತೋರಿಸಿದರು. ಕೂಸು ನನ್ನನ್ನು ನೋಡಿ ಆಕಳಿಸಿತು. ಅತ್ತೆ ಒಳಗೆ ಹೋದ ಮೇಲೆ ಗಿಟಾರು ತೆಗೆದು, ನೀಲವ್ವನ ಧಾಟಿಯನ್ನು ರಬಕವಿಯ ಅಳತೆಯಲ್ಲೇ ಹೊಡೆದೆ.

ಆ ಶಾಂತ ಓಣಿಗೆ ಅದು ಡಂಗುರವಾಯಿತು. ಎದುರು ಮನೆಯವರು ಬಂದರು, ಅವರ ಹಿಂದೆ ಅಂಗಡಿಯ ಹಮಾಲರು ಬಂದರು, ಕಟ್ಟೆ ತುಂಬಿತು. ಮಾವನ ಎದೆ ಉಬ್ಬಿತು. ಒಬ್ಬರು ಭಜನೆ ಬಾರಿಸಿ ಎಂದರೆ ಇನ್ನೊಬ್ಬರು ನಾಟಕದ ಪದ ಎಂದರು. ಗದ್ದಲಕ್ಕೆ ಕೂಸು ಎದ್ದೀತೆಂದು ಅತ್ತೆ ಒಳಬಾಗಿಲು ಮುಂದೆ ಮಾಡಿದರು. ಮುಂದಿನ ಅಮಾವಾಸ್ಯೆಗೆ ಹೋದಾಗ ಮಾವ ಮೊದಲೇ ಜಮಖಾನೆ ಹಾಸಿ, ಊರಿಗೆಲ್ಲ ಹೇಳಿಕಳಿಸಿ, ಎಲೆಅಡಿಕೆಯ ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದರು. ಮೆಲ್ಲಗೆ ಬಾರಿಸಲು ನೋಡಿದೆ. ಆ ಕೊಂಬಿನ ಚೂರಿಗೆ ಮೆಲ್ಲಗೆ ಎಂಬುದೇ ತಿಳಿಯದು. ಇಡೀ ತೇರದಾಳಕ್ಕೆ ನನ್ನ ವಿರಹವನ್ನು ಉಣಬಡಿಸಿದೆ, ಅವರು ವೀಳ್ಯ ಜಗಿಯುತ್ತ ಶಹಬ್ಬಾಸ್ ಎಂದರು. ಮರಳಿ ನಡೆಯುವಾಗ ದಾರಿಯುದ್ದಕ್ಕೂ ನನಗೆ ಅಳು ಬರುವಂತಾಗಿತ್ತು.

ಊರಿಗೆ ಬಂದರೆ ಮಗ್ಗದ ಹಾಸು ಮುಗಿದಿತ್ತು. ಕೆಚ್ಚುವವಳು ಇಲ್ಲ, ನಾನೇ ಕೂತೆ. ಹೋದ ಸಲ ಅವಳು ಕೆಚ್ಚಿದ ಹಾಸಿನ ತುದಿ ಅದು. ಒಂದೊಂದು ಎಳೆ ಹಿಡಿದಾಗಲೂ ಇದನ್ನು ಅವಳ ಕೈ ಮುಟ್ಟಿತ್ತಲ್ಲ ಎನಿಸುತ್ತಿತ್ತು. ಅವಳು ಅರ್ಧ ದಿನದಲ್ಲಿ ಮುಗಿಸುವುದಕ್ಕೆ ನನಗೆ ಮೂರು ದಿನ ಹಿಡಿಯಿತು. ಆದರೆ ಮೂರನೆಯ ದಿನದ ಹೊತ್ತಿಗೆ ನೂರಾರು ಎಳೆಗಳ ನಡುವೆ, ಪಕ್ಕದ್ದನ್ನು ಅಲುಗಿಸದೆ ಬೇಕಾದ ಒಂದನ್ನೇ ಎತ್ತಿಕೊಳ್ಳುವುದು ಬೆರಳಿಗೆ ಬಂದುಬಿಟ್ಟಿತ್ತು. ಇಷ್ಟು ಎಳೆಗಳಲ್ಲಿ ಒಂದನ್ನು ಎತ್ತುವ ಬೆರಳು ಆರು ತಂತಿಗಳಲ್ಲಿ ಒಂದನ್ನು ಎತ್ತಲಾರದೇ? ಕೊಂಬಿನ ಚೂರನ್ನು ಹಿತ್ತಲಿಗೆ ಎಸೆದೆ. ಹೆಬ್ಬೆರಳಿಗೆ ದಪ್ಪ ತಂತಿಗಳು, ಉಳಿದ ಬೆರಳುಗಳಿಗೆ ಸಣ್ಣವು ಎಂದು ಹಂಚಿಕೊಟ್ಟು ಅಭ್ಯಾಸಕ್ಕೆ ಇಳಿದೆ.

ತೊಡಕೆಂದರೆ, ಐವತ್ತು ಮಗ್ಗಗಳ ನಡುವೆ ಬೆರಳಿನ ವಾದನ ನನಗೆ ಒಂದಿಷ್ಟೂ ಕೇಳಿಸುತ್ತಿರಲಿಲ್ಲ. ಮಗ್ಗ ನಿಲ್ಲುವ ಒಂದೇ ದಿನ ನಾನು ತೇರದಾಳದ ದಾರಿಯಲ್ಲಿರುತ್ತಿದ್ದೆ. ಹೀಗಾಗಿ ತಂತಿ ಬೆರಳ ತುದಿಯಲ್ಲಿ ನಡುಗುವುದನ್ನೇ ನಂಬಿ ಕಲಿತೆ. ಬಾರಿಸಿದವನೇ ಕೇಳದ ಸಂಗೀತವನ್ನು ಇಷ್ಟು ಶ್ರದ್ಧೆಯಿಂದ ಕಲಿತವನು ಬೇರೆ ಯಾವ ಸಂಸ್ಥಾನದಲ್ಲೂ ಇರಲಾರ.

ಮೂರನೆಯ ಅಮಾವಾಸ್ಯೆಗೂ ಜಮಖಾನೆ ಹಾಸಿತ್ತು, ಜನರೂ ಕೂತಿದ್ದರು. ನಾನು ಬೆರಳಿನಿಂದ ಶುರುಮಾಡಿದೆ. ಸ್ವಲ್ಪ ಹೊತ್ತು ನೋಡಿ ಮಾವ, "ಇನ್ನೂ ಚಾಲೂ ಮಾಡಿಲ್ಲೇನ್ರಿ ಅಳಿಯಂದಿರ?" ಎಂದರು. ಶ್ರುತಿ ಕೂಡಿಸುತ್ತಿದ್ದೇನೆ ಎಂದೆ. ಶ್ರುತಿ ಕೂಡುವುದನ್ನು ಎಷ್ಟು ಹೊತ್ತು ಕಾಯುತ್ತಾರೆ? ಒಬ್ಬೊಬ್ಬರಾಗಿ ಎದ್ದು ಹೋದರು. ಮಾವ ಲೋಡಿಗೆ ಒರಗಿ ನಿದ್ದೆ ಹೋದರು. ಕೂಸು ಏಳಲಿಲ್ಲ, ಒಳಬಾಗಿಲನ್ನೂ ಯಾರೂ ಮುಂದೆ ಮಾಡಲಿಲ್ಲ. ಆಗ ಆ ಬಾಗಿಲಿನ ಕಡೆ ಮುಖ ಮಾಡಿ, ಗಾಡಿಯ ಬಳಿ ಹೇಳದೆ ಉಳಿದದ್ದನ್ನೆಲ್ಲ ಒಂದು ತಾಸು ಬಾರಿಸಿದೆ. ಆಚೆ ಅವಳು ತಲೆ ಎತ್ತದೆ ನಗುತ್ತಿರುವುದು ನನಗೆ ಕಂಡಂತೆಯೇ ಆಗುತ್ತಿತ್ತು. ಅಂದಿನಷ್ಟು ಸುಖವಾಗಿ ನಾನು ಆ ದಾರಿಯನ್ನು ಎಂದೂ ನಡೆದಿಲ್ಲ.

ನಾಲ್ಕನೆಯ ತಿಂಗಳಲ್ಲಿ, ಮುಂದಿನ ಅಮಾವಾಸ್ಯೆಗೆ ಮೊದಲೇ, ನೀಲವ್ವ ಕೂಸಿನೊಂದಿಗೆ ಬಂದಳು. ಆ ಅಮಾವಾಸ್ಯೆಯ ಮಧ್ಯಾಹ್ನ ಓಣಿಯ ಮಗ್ಗಗಳೆಲ್ಲ ನಿಂತು, ಅವ್ವ ಕೂಸನ್ನು ಎತ್ತಿಕೊಂಡು ನೆರೆಮನೆಗೆ ಹೋಗಿದ್ದಾಗ, ಅವಳು ಮರುದಿನದ ನೇಯ್ಗೆಗೆಂದು ಹಾಸಿನ ಮುಂದೆ ಕೂತು ಕೆಚ್ಚುತ್ತಿದ್ದಳು. ನಾನು ಹತ್ತಿರ ಹೋಗಿ, ಶಹಬ್ಬಾಸ್‌ಗಿರಿಯ ಆಸೆಯಿಂದಲೇ, ತೇರದಾಳದಲ್ಲಿ ನನ್ನ ವಾದನ ಹೇಗಿತ್ತು ಎಂದು ಕೇಳಿದೆ.

"ಮೊದಲಿನ ಎರಡೂ ಸಲ ಛಲೋ ಕೇಳಿಸ್ತರಿ. ಅವ್ವ ಬಾಗಲಾ ಮುಚ್ಚಿದ್ರೂ ಅದಕ್ಕ ಕಿವಿ ಹಚ್ಚಿ ಕುಂತಿದ್ನಿ" ಎಂದಳು. ಅವಳ ಬೆರಳು ಒಂದು ಎಳೆಯ ಮೇಲೆ ನಿಂತಿತು. "ಮೂರನೇ ಸಲ ನೀವು ಬಂದದ್ದು ಗೊತ್ತಾತು. ಕಾದ್ನಿ. ಏನೂ ಕೇಳಲಿಲ್ಲ. ಬಂದು, ಬಾರಿಸದನ ಹೋದ್ರು ಅನ್ಕೊಂಡ್ನಿ. ಅವತ್ತ ಭಾಳ ಅತ್ನಿರಿ."

ಒಂದು ತಾಸು ಬಾರಿಸಿದೆ, ನಿನಗಾಗಿಯೇ ಬರಿ ಬೆರಳಿನಿಂದ ಬಾರಿಸಿದೆ ಎಂದು ಹೇಗೋ ತೊದಲಿದೆ. ಅವಳು ನಂಬಿದಳು. ಆದರೆ ಕೇಳುವುದನ್ನು ಕೇಳಿಯೇಬಿಟ್ಟಳು. "ಹತ್ತು ಹೆಜ್ಜಿ ಒಳಗ ಬಂದಿದ್ರ ಕೇಳತಿತ್ತಲ್ಲರಿ? ಯಾಕ ಬರಲಿಲ್ಲ?"

ಬೆರಳಿನ ವಾದನದ ಹಿರಿಮೆ ಇರುವುದೇ ಅಲ್ಲಿ, ಕೇಳಿಸಬೇಕಾದವರ ಪಕ್ಕಕ್ಕೆ ಹೋಗಿ ಕೂರದೆ ಅದು ಕೇಳಿಸುವುದಿಲ್ಲ. ಗಿಟಾರಿನವರೆಲ್ಲ ಅದನ್ನು ಕಲಿಯಬೇಕೆಂದು ನಾನು ಹಟ ಹಿಡಿದಿರುವುದು ಅದಕ್ಕೇ. ನನಗೆ ಇದು ಹೊಳೆದದ್ದು ಆ ಮಧ್ಯಾಹ್ನ. ಕೂಡಲೇ ಗಿಟಾರು ತಂದು ಅವಳ ಮಗ್ಗುಲಲ್ಲೇ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು, ಅವಳ ಧಾಟಿಯ ಮೊದಲ ಸಾಲನ್ನು ಮೀಟಿದೆ. ಅವಳು ಕೆಲಸ ಬಿಟ್ಟು, ನನ್ನ ವಾದನಕ್ಕೆ ಮೊಟ್ಟಮೊದಲ ಬಾರಿಗೆ ತಲೆ ಎತ್ತಿ ನನ್ನನ್ನು ನೋಡಿದಳು. ಅಷ್ಟರಲ್ಲಿ ಅಂಗಳದಲ್ಲಿ ಅಪ್ಪ ಕೆಮ್ಮಿದರು. ನಾನು ಗಿಟಾರನ್ನು ಗೋಡೆಗೆ ಆನಿಸಿ, ಹತ್ತು ಹೆಜ್ಜೆ ಆಚೆಗಿದ್ದ ನನ್ನ ಮಗ್ಗಕ್ಕೆ ಹೋಗಿ ಕೂತೆ.